ಅಸಾಯೆಗೆ ಫಿರಂಗಿ ಎಳೆದ ಎತ್ತುಗಳು

ಯುದ್ಧದ ಪುಸ್ತಕ ಕೈಗೆ ಸಿಕ್ಕರೆ ನಾನು ಮೊದಲು ಹುಡುಕುವುದು ಎತ್ತುಗಳನ್ನು. ಪಶುವೈದ್ಯ ಇಲಾಖೆಯಲ್ಲಿ ಆಯುಷ್ಯ ಸವೆಸಿದವನಿಗೆ ಅಂಟಿಕೊಂಡ ಚಟ ಇದು. ಸೇನಾಪತಿಗಳ ಹೆಸರು, ದಳಗಳ ಬಾವುಟ, ಯಾರ ಎಡಕ್ಕೆ ಯಾರು ನಿಂತಿದ್ದರು ಎಂಬುದನ್ನೆಲ್ಲ ಇತಿಹಾಸಕಾರರು ವಿವರವಾಗಿ ಬರೆಯುತ್ತಾರೆ. ಆ ಫಿರಂಗಿಯನ್ನು ಅಲ್ಲಿಯವರೆಗೆ ಎಳೆದು ತಂದವರು ಯಾರು, ಹಿಂದಿನ ರಾತ್ರಿ ಅವು ಏನು ತಿಂದಿದ್ದವು ಎಂದು ಕೇಳಿದರೆ ಬಹಳಷ್ಟು ಪುಸ್ತಕಗಳು ಬಾಯಿ ಬಿಡುವುದಿಲ್ಲ. ಆರ್ಥರ್ ವೆಲ್ಲೆಸ್ಲಿಯ ಪತ್ರಗಳು ಮಾತ್ರ ಬೇರೆ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡು ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಈ ಮನುಷ್ಯ, ಶ್ರೀರಂಗಪಟ್ಟಣದಲ್ಲಿದ್ದಾಗ ಬರೆದ ಕಾಗದಗಳಲ್ಲಿ ಎತ್ತಿನ ವಿಷಯ ಬರೆದಷ್ಟು ಕತ್ತಿಯ ವಿಷಯ ಬರೆದಿಲ್ಲ. ಮೇವು, ಹೊಡೆಯುವವರ ಸಂಬಳ, ಬಾಡಿಗೆ ಎತ್ತುಗಳ ಸಾವು, ಒಳ್ಳೆಯ ಎತ್ತಿಲ್ಲದೆ ಬೇಗ ನಡೆಯಲಾಗದೆಂಬ ಗೊಣಗಾಟ. ಓದುತ್ತಾ ಹೋದರೆ ಯಾವುದೋ ತಾಲ್ಲೂಕು ಕಚೇರಿಯ ಜಾನುವಾರು ಕಡತ ಬಿಚ್ಚಿದ ಹಾಗಿರುತ್ತದೆ.

ಅವನ ಬದುಕಿನ ಮೊದಲ ದೊಡ್ಡ ಗೆಲುವು ಅಸಾಯೆ. 1803ರ ಸೆಪ್ಟೆಂಬರ್ 23ರಂದು, ಇವತ್ತಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಒಂದು ಸಣ್ಣ ಹಳ್ಳಿಯ ಪಕ್ಕದಲ್ಲಿ ನಡೆದದ್ದು. ಆಗ ಅವನಿಗೆ 34 ವರ್ಷ. ಎದುರಿಗೆ ಗ್ವಾಲಿಯರ್‌ನ ದೌಲತರಾವ್ ಸಿಂಧಿಯಾ ಮತ್ತು ನಾಗಪುರದ ರಘೋಜಿ ಭೋಂಸಲೆ ಇಬ್ಬರ ಸೈನ್ಯವೂ ಸೇರಿ 50,000ಕ್ಕೆ ಕಡಿಮೆಯಿಲ್ಲದ ಜನ, ನೂರಕ್ಕೂ ಹೆಚ್ಚು ಫಿರಂಗಿ. ಇವನ ಕಡೆ ಎಲ್ಲ ಸೇರಿಸಿದರೂ 10,000 ತುಂಬದು; ಸಾಲಿನಲ್ಲಿ ನಿಂತು ಹೊಡೆದಾಡಿದವರು 5,000ದ ಆಸುಪಾಸು; ಫಿರಂಗಿ 20ರ ಆಸುಪಾಸು. ಮೂರು ತಾಸಿನಲ್ಲಿ ಸಿಂಧಿಯಾನ ಪದಾತಿದಳ ಚದುರಿತು, 98 ಫಿರಂಗಿಗಳು ಬಿಟ್ಟ ಜಾಗದಲ್ಲೇ ಉಳಿದವು. ಮುದುಕನಾದ ಮೇಲೆ ಯಾರೋ ಒಬ್ಬರು ನಿಮ್ಮ ಯುದ್ಧಗಳಲ್ಲಿ ಅತ್ಯುತ್ತಮವಾದದ್ದು ಯಾವುದು ಎಂದು ಕೇಳಿದಾಗ ಅವನು ವಾಟರ್ಲೂ ಹೆಸರು ಹೇಳದೆ ಅಸಾಯೆ ಎಂದನಂತೆ.

ಈ ಗೆಲುವಿನ ಅರ್ಧ ಕಥೆ ಕನ್ನಡ ನೆಲದಲ್ಲಿ ಹುಟ್ಟಿದ್ದು. ಅದನ್ನು ಹೇಳಲು ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು.

1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ದೊಡ್ಡ ಸೈನ್ಯ ಕಟ್ಟಿಕೊಂಡು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದ. ಅರಕೆರೆಯ ಹತ್ತಿರ ಟಿಪ್ಪುವಿನ ಸೈನ್ಯದ ಮೇಲೆ ಮೇಲುಗೈಯೂ ಆಯಿತು. ಆದರೆ ಮಳೆ ಶುರುವಾಗಿತ್ತು, ಟಿಪ್ಪು ಸುತ್ತಲಿನ ಮೇವನ್ನು ಉಳಿಸಿರಲಿಲ್ಲ, ಎತ್ತುಗಳು ರೋಗಕ್ಕೂ ಹಸಿವಿಗೂ ಬಿದ್ದು ಸತ್ತವು. ಕೋಟೆ ಒಡೆಯಲು ತಂದ ಭಾರಿ ಫಿರಂಗಿಗಳನ್ನು ಹಿಂದಕ್ಕೆ ಎಳೆದೊಯ್ಯಲು ಏನೂ ಉಳಿಯದೆ, ತನ್ನ ಫಿರಂಗಿಗಳನ್ನು ತಾನೇ ಒಡೆದು ಹಾಕಿ ಬೆಂಗಳೂರಿಗೆ ಮರಳಿದ. ಗೆದ್ದ ಸೈನ್ಯ ಎತ್ತಿಲ್ಲದೆ ಸೋತು ಹೋದ ಪ್ರಸಂಗ ಇದು. ಪಶುವೈದ್ಯ ಕಾಲೇಜುಗಳಲ್ಲಿ ಇದನ್ನು ಪಾಠವಾಗಿ ಇಡಬೇಕೆಂದು ನನ್ನ ಹಳೆಯ ಆಸೆ.

ಟಿಪ್ಪುವಿನ ಕೈಯಲ್ಲಿ ಇದ್ದದ್ದು ಅಮೃತ ಮಹಲ್. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಶುರುವಾದ ದನದ ಇಲಾಖೆಯನ್ನು ಹೈದರಾಲಿ ಯುದ್ಧದ ಕೆಲಸಕ್ಕೆ ತಿರುಗಿಸಿದ, ಟಿಪ್ಪು ಅದಕ್ಕೆ ಹೊಸ ಹೆಸರು ಕೊಟ್ಟು ನಿಯಮ ಹಾಕಿದ. ಈ ತಳಿಯ ಎತ್ತನ್ನು ನೋಡದವರಿಗೆ ಹೇಳುವುದಾದರೆ: ಬೂದು ಮೈ, ಉದ್ದ ಮುಖ, ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ಚೂಪು ಕೊಂಬು, ಗಟ್ಟಿ ಗೊರಸು, ಸಿಡುಕು ಸ್ವಭಾವ. ಅಜ್ಜಂಪುರದ ಕಡೆಯ ಕಾವಲುಗಳಲ್ಲಿ, ಅಂದರೆ ದನಕ್ಕೆ ಮೀಸಲಾದ ಹುಲ್ಲುಗಾವಲುಗಳಲ್ಲಿ, ಇವುಗಳಿಗೆ ಚುಚ್ಚುಮದ್ದು ಹಾಕಿದವನು ನಾನು. ಸೂಜಿಗಿಂತ ಮೊದಲು ಓಡಲು ದಾರಿ ಯಾವುದೆಂದು ನೋಡಿಟ್ಟುಕೊಳ್ಳುವುದು ಅಲ್ಲಿನ ಮೊದಲ ಪಾಠ. ಕಾವಲಿನಲ್ಲಿ ಅರೆಕಾಡಾಗಿ ಬೆಳೆದ ಈ ದನ ಒಣ ಹುಲ್ಲಿನಲ್ಲಿ ದಿನ ತಳ್ಳುತ್ತದೆ, ಬಿಸಿಲಿಗೆ ಕೂರುವುದಿಲ್ಲ, ನೊಗಕ್ಕೆ ಪಳಗಿಸಿದ ಮೇಲೆ ಒಂದೇ ಹದದ ಚುರುಕು ನಡಿಗೆಯಲ್ಲಿ ಮೈಲಿಗಟ್ಟಲೆ ಹೋಗುತ್ತದೆ. ದೊಡ್ಡ ಭಾರ ಎಳೆಯುವುದರಲ್ಲಿ ಇದನ್ನು ಮೀರಿಸುವ ತಳಿಗಳಿವೆ. ಸೈನ್ಯಕ್ಕೆ ಬೇಕಾದದ್ದು ಭಾರದ ಜೊತೆಗೆ ವೇಗ. ಹೈದರನೂ ಟಿಪ್ಪುವೂ ಇಂಗ್ಲಿಷರು ಊಹಿಸದ ಜಾಗದಲ್ಲಿ ಊಹಿಸದ ದಿನ ಪ್ರತ್ಯಕ್ಷರಾಗುತ್ತಿದ್ದುದಕ್ಕೆ ಇವೇ ಕಾರಣ ಎಂದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳೇ ಬರೆದುಕೊಂಡರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಊರಿನ ಆಡಳಿತ ವೆಲ್ಲೆಸ್ಲಿಯ ಕೈಗೆ ಬಂತು. ದರಿಯಾ ದೌಲತ್‌ನಲ್ಲಿ ವಾಸ. ಅಮೃತ ಮಹಲ್‌ನ ದನಗಳ ಮೇಲುಸ್ತುವಾರಿ ಮೈಸೂರು ಸರ್ಕಾರಕ್ಕೆ ಹೋಯಿತು, ಕಂಪನಿಗೆ ಬೇಕಾದಾಗ ಎತ್ತು ಒದಗಿಸಬೇಕೆಂಬ ಕರಾರಿನ ಮೇಲೆ. ಆ ಕರಾರನ್ನು ಪೂರ್ತಿ ಬಳಸಿಕೊಂಡವನು ವೆಲ್ಲೆಸ್ಲಿ. ಅದಕ್ಕೆ ಮೊದಲ ಪರೀಕ್ಷೆ ಧೋಂಡಿಯಾ ವಾಘ್. ಶ್ರೀರಂಗಪಟ್ಟಣದ ಸೆರೆಮನೆಯಿಂದ ತಪ್ಪಿಸಿಕೊಂಡ ಈ ಚನ್ನಗಿರಿಯವನು ಕುದುರೆ ದಂಡು ಕಟ್ಟಿ ಧಾರವಾಡ ಸೀಮೆಯಲ್ಲೆಲ್ಲ ಕೈಗೆ ಸಿಗದೆ ಓಡಾಡಿದ. 1800ರ ಜುಲೈನಲ್ಲಿ ಮಲಪ್ರಭೆಯ ದಡದ ಮುನವಳ್ಳಿಯ ಹತ್ತಿರ ಅವನ ಸಾಮಾನು ಸರಂಜಾಮು ಹೋಯಿತು, ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಪ್ರಾಣವೂ ಹೋಯಿತು. ಈ ಬೆನ್ನಟ್ಟುವಿಕೆಯಲ್ಲೇ ವೆಲ್ಲೆಸ್ಲಿ ಸೈನ್ಯದ ಮೈ ಹಗುರ ಮಾಡುವುದನ್ನು ಕಲಿತದ್ದು. ಸಿಪಾಯಿಗಳ ಅಕ್ಕಿ ಲಂಬಾಣಿಗಳ ಹೇರೆತ್ತುಗಳ ಮೇಲೆ. ನದಿ ದಾಟಲು ತೊಗಲು ಹೊದಿಸಿದ ಹರಿಗೋಲು. ಫಿರಂಗಿಗೆ ಮೈಸೂರು ಎತ್ತು. ಹರಿಗೋಲು ಎಷ್ಟು ಅಗಲ ಇರಬೇಕು, ಎಷ್ಟು ತೊಗಲು ಬೇಕು ಎಂಬುದನ್ನೂ ಅವನು ಕಾಗದದಲ್ಲಿ ಬರೆದು ಕಳಿಸುತ್ತಿದ್ದ.

ಇನ್ನು ಅಸಾಯೆಯ ಯುದ್ಧಕ್ಕೆ ಕಾರಣವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಮರಾಠರ ಒಳಜಗಳದ ಕಥೆಗೆ ಕೊನೆಯಿಲ್ಲ. 1802ರ ಅಕ್ಟೋಬರ್‌ನಲ್ಲಿ ಯಶವಂತರಾವ್ ಹೋಳ್ಕರ್ ಪುಣೆಯ ಹೊರಗೆ ಸಿಂಧಿಯಾ ಮತ್ತು ಪೇಶ್ವೆಯ ಸೈನ್ಯವನ್ನು ಸೋಲಿಸಿದ. ಪೇಶ್ವೆ ಎರಡನೆಯ ಬಾಜಿರಾವ್ ಓಡಿಹೋಗಿ ಡಿಸೆಂಬರ್ 31ರಂದು ವಸಯಿಯಲ್ಲಿ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ. ಮರಾಠಾ ರಾಜ್ಯದ ಯಜಮಾನಿಕೆಯನ್ನೇ ಕಂಪನಿಗೆ ಒಪ್ಪಿಸಿದಂತಾಯಿತೆಂದು ಸಿಂಧಿಯಾ, ಭೋಂಸಲೆ ಕೆರಳಿದರು. ಅತ್ತ ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಆಗಿದ್ದವನು ಆರ್ಥರನ ಅಣ್ಣ ರಿಚರ್ಡ್. ಸಿಂಧಿಯಾನ ಸೈನ್ಯಕ್ಕೆ ತರಬೇತಿ ಕೊಟ್ಟವರಲ್ಲಿ ಫ್ರೆಂಚರು ಬಹಳ. ಯುರೋಪಿನಲ್ಲಿ ನೆಪೋಲಿಯನ್ ಜೊತೆ ಯುದ್ಧ ಮತ್ತೆ ಹತ್ತಿಕೊಂಡಿತ್ತು. ಅಣ್ಣನಿಗೆ ನೆಪ ಬೇಕಿತ್ತು, ಸಿಕ್ಕಿತು.

ಸೈನ್ಯ ಕೂಡಿದ್ದು ಹರಿಹರದಲ್ಲಿ. 1803ರ ಮಾರ್ಚ್‌ನಲ್ಲಿ ತುಂಗಭದ್ರೆ ದಾಟಿ ಹೊರಟ ವೆಲ್ಲೆಸ್ಲಿ, ಏಪ್ರಿಲ್ 20ಕ್ಕೆ ಪುಣೆ ಮುಟ್ಟಿದ. ಊರಿಗೆ ಬೆಂಕಿ ಬೀಳುತ್ತದೆಂಬ ಸುದ್ದಿ ಬಂದದ್ದರಿಂದ ಕೊನೆಯ ಸುಮಾರು 60 ಮೈಲಿಯನ್ನು ಕುದುರೆ ದಂಡಿನ ಜೊತೆ 32 ತಾಸಿನಲ್ಲಿ ಮುಗಿಸಿದ್ದ. ಅವನ ಜೊತೆ ದಿವಾನ್ ಪೂರ್ಣಯ್ಯ ಕಳಿಸಿದ ಮೈಸೂರು ಕುದುರೆ ದಂಡೂ ಇತ್ತು, ಮುಖಂಡ ಬಿಷ್ಟಪ್ಪ ಪಂಡಿತ. ಆದರೆ ದಖ್ಖನ್ನಿನಲ್ಲಿ ಆ ವರ್ಷ ಬರ. ಹೋಳ್ಕರನ ದಂಡು ತಿಂದು ಬಿಟ್ಟ ನೆಲದಲ್ಲಿ ಹುಲ್ಲಿನ ಎಸಳಿರಲಿಲ್ಲ. ಎತ್ತುಗಳು ಬಹಳ ಸತ್ತವು. ಹೊಸದಾಗಿ ಕೊಂಡವು, ಬಾಡಿಗೆಗೆ ತಂದವು ಮೊದಲು ಸತ್ತವು. ಪಶುವೈದ್ಯನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬಾಡಿಗೆ ಎತ್ತಿನ ಹೆಗಲ ಹುಣ್ಣನ್ನು ಯಾರೂ ನೋಡುವುದಿಲ್ಲ, ಹುರುಳಿಯ ಅರ್ಧ ಪಾಲು ದಾರಿಯಲ್ಲೇ ಮಾಯವಾಗುತ್ತದೆ.

ಆಗಸ್ಟ್‌ನಲ್ಲಿ ಅಹಮದ್‌ನಗರದ ಪೇಟೆ, ನಾಲ್ಕು ದಿನದಲ್ಲಿ ಕೋಟೆ ಎರಡೂ ಅವನ ವಶವಾದವು. ಆಮೇಲೆ ಗೋದಾವರಿ ದಾಟಿ ಸಿಂಧಿಯಾನ ಬೆನ್ನು ಹತ್ತಿದ. ಕರ್ನಲ್ ಜೇಮ್ಸ್ ಸ್ಟೀವನ್‌ಸನ್ ಹೈದರಾಬಾದಿನ ಕಡೆಯ ಮತ್ತೊಂದು ದಂಡಿನೊಡನೆ ಬೇರೆ ದಾರಿಯಲ್ಲಿ ಬರುತ್ತಿದ್ದ. ಸೆಪ್ಟೆಂಬರ್ 21ರಂದು ಬದನಾಪುರದಲ್ಲಿ ಇಬ್ಬರೂ ಕೂತು ಮಾತಾಡಿಕೊಂಡರು: ಎರಡು ದಂಡೂ ಒಂದೇ ಕಣಿವೆ ದಾರಿಯಲ್ಲಿ ಹೋದರೆ ತಡವಾಗುತ್ತದೆ, ಆದ್ದರಿಂದ ಬೇರೆ ಬೇರೆ ಹೋಗಿ 24ರಂದು ಭೋಕರದನ್ ಕಡೆ ಒಟ್ಟಾಗಿ ಮೇಲೆ ಬೀಳುವುದು.

23ರ ಮಧ್ಯಾಹ್ನದ ಹೊತ್ತಿಗೆ ನಳನಿ ಎಂಬ ಹಳ್ಳಿಯಲ್ಲಿ ಡೇರೆ ಹಾಕಲು ಹೊರಟಾಗ ಶತ್ರು ಅಲ್ಲೇ ಆರು ಮೈಲಿ ದೂರದಲ್ಲಿ ಇದ್ದಾನೆಂದು ತಿಳಿಯಿತು. ಕುದುರೆ ದಂಡು ಆಗಲೇ ಹೊರಟುಹೋಗಿದೆ, ಕಾಲಾಳುಗಳೂ ಹೊರಡುವುದರಲ್ಲಿದ್ದಾರೆ ಎಂಬ ಸುದ್ದಿಯೂ ಜೊತೆಗೆ ಬಂತು. ಸುದ್ದಿ ಸುಳ್ಳು. ವೆಲ್ಲೆಸ್ಲಿ ಹೋಗಿ ನೋಡಿದರೆ ಕೇಳಣಾ ನದಿಯ ಆಚೆ ದಡದಲ್ಲಿ ಮೈಲಿಗಟ್ಟಲೆ ಉದ್ದಕ್ಕೆ ಇಡೀ ಸೈನ್ಯ ಬೀಡುಬಿಟ್ಟಿತ್ತು. ಅವನ ಜನ ಬೆಳಗಿನಿಂದ ಹದಿನಾಲ್ಕು ಮೈಲಿ ನಡೆದಿದ್ದರು. ಸ್ಟೀವನ್‌ಸನ್ ಬರಲು ಇನ್ನೂ ಒಂದು ದಿನ ಬೇಕು. ಹಿಂದಕ್ಕೆ ಸರಿದರೆ ಮರಾಠಾ ಕುದುರೆ ದಂಡು ಸಾಮಾನಿನ ಮೇಲೆ, ಎತ್ತುಗಳ ಮೇಲೆ ಬೀಳುವುದು ಖಂಡಿತ. ಹೊಡೆಯುವುದೆಂದು ತೀರ್ಮಾನಿಸಿದ. ಸಾಮಾನನ್ನು ನಳನಿಯಲ್ಲಿ ಒಂದು ಬೆಟಾಲಿಯನ್ ಕಾವಲಿಗೆ ಬಿಟ್ಟು ಹೊರಟ.

ಎದುರಿಗಿದ್ದ ದಾಟುಜಾಗದ ಮೇಲೆ ಮರಾಠರ ಫಿರಂಗಿಗಳೆಲ್ಲ ಮುಖ ಮಾಡಿದ್ದವು. ಬೇರೆ ಜಾಗವಿಲ್ಲ ಎಂದು ದಾರಿ ತೋರಿಸಲು ಬಂದವರು ಹೇಳಿದರು. ವೆಲ್ಲೆಸ್ಲಿ ದುರ್ಬೀನಿನಲ್ಲಿ ನದಿಯ ಉದ್ದಕ್ಕೂ ಪೂರ್ವಕ್ಕೆ ನೋಡುತ್ತಾ ಹೋದ. ಈ ದಡದಲ್ಲಿ ಪಿಂಪಳಗಾಂವ್, ಆ ದಡದಲ್ಲಿ ಅದರೆದುರೇ ವರೂಡ್. ಎರಡು ಹಳ್ಳಿ ಹೀಗೆ ಮುಖಾಮುಖಿ ಕೂತಿದ್ದರೆ ನಡುವೆ ಜನ ಓಡಾಡುವ ದಾರಿ ಇದ್ದೇ ಇರಬೇಕು ಎಂದು ಊಹಿಸಿ ಅಧಿಕಾರಿಯೊಬ್ಬನನ್ನು ಕಳಿಸಿದ. ದಾರಿ ಇತ್ತು. ಇಂಗ್ಲಿಷ್ ಪುಸ್ತಕಗಳು ಇದನ್ನು ಮಹಾ ಪ್ರತಿಭೆಯೆಂದು ಕೊಂಡಾಡುತ್ತವೆ. ನಮ್ಮ ಯಾವ ದನಗಾಹಿಯನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದ: ಹೆಣ್ಣು ಕೊಟ್ಟು ತಂದ ಊರುಗಳ ನಡುವೆ ಹೊಳೆ ದಾಟುವ ಜಾಗವಿಲ್ಲದೆ ಹೇಗೆ? ವೆಲ್ಲೆಸ್ಲಿಯ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ದಾರಿ ತೋರಿಸುವವರ ಮಾತನ್ನು ನಂಬದೆ ತಾನೇ ಮುಂದೆ ಹೋಗಿ ನೋಡಿದ. 1799ರ ಏಪ್ರಿಲ್‌ನ ಒಂದು ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನಲ್ಲಿ, ನೆಲ ನೋಡಿಕೊಳ್ಳದೆ ನುಗ್ಗಿ, ಕತ್ತಲಲ್ಲಿ ದಿಕ್ಕು ತಪ್ಪಿ ಹಿಮ್ಮೆಟ್ಟಿದ್ದ ಅಧಿಕಾರಿ ಇವನೇ.

ನದಿ ದಾಟುವಾಗಲೇ ಗುಂಡು ಬೀಳತೊಡಗಿದವು. ವೆಲ್ಲೆಸ್ಲಿಯ ಪಕ್ಕದಲ್ಲಿದ್ದ ಸವಾರನ ತಲೆ ಹಾರಿಹೋಯಿತು. ಮುಂಡ ಜೀನಿನ ಮೇಲೆ ಹಾಗೇ ಕೂತಿತ್ತೆಂದೂ ಕುದುರೆ ಬೆದರಿ ಎದ್ದುಬಿದ್ದು ಕುಣಿಯಿತೆಂದೂ ನೋಡಿದವರು ಬರೆದಿದ್ದಾರೆ. ಮೈಸೂರು ಮತ್ತು ಪೇಶ್ವೆಯ ಕಡೆಯ ಕುದುರೆ ದಂಡುಗಳನ್ನು ದಕ್ಷಿಣ ದಡದಲ್ಲೇ ಬಿಟ್ಟಿದ್ದರು, ಸಿಂಧಿಯಾನ ಸವಾರರು ಹಿಂದಿನಿಂದ ಬರದಂತೆ ತಡೆಯಲು. ಬಿಷ್ಟಪ್ಪ ಪಂಡಿತನ ಜನಕ್ಕೆ ಆ ದಿನ ಕತ್ತಿ ಬೀಸುವ ಕೆಲಸ ಬೀಳಲಿಲ್ಲ. ಆದರೂ ಅವರು ಅಲ್ಲಿ ನಿಂತಿರದಿದ್ದರೆ ನದಿ ದಾಟಿದವರ ಬೆನ್ನು ಬಯಲಾಗಿರುತ್ತಿತ್ತು.

ಅಸಾಯೆಯ ನೆಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ದಕ್ಷಿಣಕ್ಕೆ ಕೇಳಣಾ, ಉತ್ತರಕ್ಕೆ ಜುಯಿ, ಎರಡೂ ಪೂರ್ವಕ್ಕೆ ಹರಿದು ಮುಂದೆ ಕೂಡುತ್ತವೆ. ನಡುವೆ ಉಳಿಯುವುದು ಪೂರ್ವಕ್ಕೆ ಹೋದಷ್ಟೂ ಕಿರಿದಾಗುವ ನೆಲದ ಪಟ್ಟಿ. ಜುಯಿ ದಡದಲ್ಲಿ ಮಣ್ಣು ಗೋಡೆಯ ಅಸಾಯೆ ಹಳ್ಳಿ. ಇಲ್ಲಿ ಹೊಕ್ಕರೆ ಮರಾಠರ ಸಾಲಿನ ಪಕ್ಕೆಗೆ ಹೊಡೆಯಬಹುದು, ಇಕ್ಕಟ್ಟಿನಲ್ಲಿ ಅವರ ಸಾವಿರಾರು ಕುದುರೆ ಸುತ್ತುವರಿಯಲಾಗದು ಎಂಬುದು ಲೆಕ್ಕ. ಆದರೆ ಎದುರಾಳಿಗಳ ಪದಾತಿದಳ ನಡೆಸುತ್ತಿದ್ದವನು ಆಂಥನಿ ಪೋಲ್ಮನ್, ಹ್ಯಾನೋವರ್‌ನವನು, ಹಿಂದೆ ಕಂಪನಿಯಲ್ಲೇ ಸಾರ್ಜೆಂಟ್ ಆಗಿದ್ದವನು. ವೆಲ್ಲೆಸ್ಲಿ ದಾಟುತ್ತಿರುವುದನ್ನು ಕಂಡು ತನ್ನ ಇಡೀ ಸಾಲನ್ನು ಕದ ತಿರುಗಿಸಿದಂತೆ ದಕ್ಷಿಣದಿಂದ ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿಬಿಟ್ಟ. ಹತ್ತು ಸಾವಿರ ಜನ, ಫಿರಂಗಿಗಳ ಸಮೇತ, ಶತ್ರುವಿನ ಎದುರಿಗೇ. ಮರಾಠಾ ಪದಾತಿದಳ ಇಷ್ಟು ಅಚ್ಚುಕಟ್ಟಾಗಿ ಕವಾಯತು ಮಾಡುತ್ತದೆಂದು ವೆಲ್ಲೆಸ್ಲಿ ಎಣಿಸಿರಲಿಲ್ಲ. ಪಕ್ಕೆಗೆ ಹೊಡೆಯಲು ಬಂದವನಿಗೆ ಈಗ ಒಂದು ಮೈಲಿ ಉದ್ದದ ಫಿರಂಗಿ ಸಾಲು ಎದುರಾಗಿತ್ತು.

ಇಲ್ಲಿಂದ ಮುಂದಿನ ಸಂಗತಿಗೇ ನಾನು ಇಷ್ಟು ದೂರ ಬಂದದ್ದು. ವೆಲ್ಲೆಸ್ಲಿಯ ಫಿರಂಗಿಗಳು ಮುಂದೆ ಬಂದು ಉತ್ತರ ಕೊಡಲು ಹೋದವು. ಎದುರಿನಿಂದ ನಾಲ್ಕೈದು ಪಟ್ಟು ಫಿರಂಗಿ ಒಮ್ಮೆಗೇ ಹೊಡೆದಾಗ ಗೋಲಂದಾಜರೂ ಎತ್ತುಗಳೂ ನಿಂತಲ್ಲೇ ಉರುಳಿದರು. ಜೋಡಿಯಲ್ಲಿ ಒಂದು ಬಿದ್ದರೆ ಇನ್ನೊಂದು ನೊಗಕ್ಕೆ ಸಿಕ್ಕಿ ಒದ್ದಾಡುತ್ತದೆ, ಹಿಂದಿನ ಜೋಡಿಗಳು ಹಗ್ಗಕ್ಕೆ ತೊಡರಿ ಗಾಬರಿ ಬೀಳುತ್ತವೆ. ರಸ್ತೆಯಲ್ಲಿ ಒಂದು ಗಾಡಿ ಮಗುಚಿದಾಗ ಬದುಕಿದ ಎತ್ತನ್ನು ಬಿಡಿಸುವುದು ಎಷ್ಟು ಕಷ್ಟವೆಂದು ಬಲ್ಲೆ. ಅಲ್ಲಿ ಬಿಡಿಸಲು ಯಾರಿದ್ದರು? ತುಂಗಭದ್ರೆ, ಕೃಷ್ಣೆ, ಭೀಮೆ, ಗೋದಾವರಿ ದಾಟಿ ಎಳೆದು ತಂದ ಫಿರಂಗಿಗಳು ಬೇಕಾದ ಗಳಿಗೆಯಲ್ಲಿ ಒಂದು ಹೆಜ್ಜೆ ಮುಂದೆ ಹೋಗಲಾರದೆ ನಿಂತವು. ಎತ್ತುಗಳೂ ಜನರೂ ಸತ್ತದ್ದರಿಂದ ಫಿರಂಗಿಗಳನ್ನು ಬಿಟ್ಟೇ ಮುಂದುವರಿಯಬೇಕಾಯಿತೆಂಬುದು ವೆಲ್ಲೆಸ್ಲಿಯದೇ ವರದಿ.

ಹಾಗಾಗಿ ಬಯೊನೆಟ್. ಕೇಳಣಾ ದಡದ ಕಡೆ 78ನೇ ಹೈಲ್ಯಾಂಡರ್ಸ್, ಅವರ ಬಲಕ್ಕೆ ಮದ್ರಾಸ್ ಸಿಪಾಯಿಗಳ ನಾಲ್ಕು ಬೆಟಾಲಿಯನ್. ಫಿರಂಗಿ ಬೆಂಬಲವಿಲ್ಲದೆ ನಡೆದುಕೊಂಡೇ ಹೋದರು. ಹತ್ತಿರ ಹೋದಷ್ಟೂ ಸಣ್ಣ ಗುಂಡು ತುಂಬಿದ ಡಬ್ಬಿಗಳು ಸಿಡಿದು ಸಾಲು ಸಾಲಾಗಿ ಬೀಳುತ್ತಿದ್ದರು. ಬಿದ್ದವರ ಜಾಗವನ್ನು ಪಕ್ಕದವರು ಸರಿದು ತುಂಬುತ್ತಿದ್ದರು. ಐವತ್ತು ಗಜದ ಹತ್ತಿರ ನಿಂತು ಒಂದು ಸಾರಿ ಬಂದೂಕು ಹಾರಿಸಿ ನುಗ್ಗಿದರು. ಸಿಂಧಿಯಾನ ಗೋಲಂದಾಜರು ಓಡಲಿಲ್ಲ, ತಮ್ಮ ಫಿರಂಗಿಗಳ ಪಕ್ಕದಲ್ಲೇ ಬಯೊನೆಟ್ ತಿವಿತಕ್ಕೆ ಸತ್ತರು. ಕೆಲವರು ಚಕ್ರಗಳ ಕೆಳಗೆ ಸತ್ತವರಂತೆ ಬಿದ್ದುಕೊಂಡು, ಇಂಗ್ಲಿಷ್ ಸಾಲು ದಾಟಿ ಹೋದ ಮೇಲೆ ಎದ್ದು ಫಿರಂಗಿ ತಿರುಗಿಸಿ ಅದರ ಬೆನ್ನಿಗೆ ಹೊಡೆದರು. ವೆಲ್ಲೆಸ್ಲಿ 78ನೇ ದಳವನ್ನೂ ಮದ್ರಾಸಿನ 7ನೇ ಅಶ್ವದಳವನ್ನೂ ಹಿಂದಕ್ಕೆ ತಂದು ಅದೇ ಫಿರಂಗಿಗಳನ್ನು ಎರಡನೇ ಸಾರಿ ಹಿಡಿಯಬೇಕಾಯಿತು. ಆ ದಿನ ಅವನ ಒಂದು ಕುದುರೆ ಗುಂಡಿಗೆ ಬಿತ್ತು, ಡಯೊಮೆಡ್ ಎಂಬ ಇನ್ನೊಂದು ಈಟಿ ತಿಂದಿತು. ಯುದ್ಧ ಮುಗಿಸಿದ್ದು ಮೂರನೆಯದರ ಮೇಲೆ.

ಬಲಗಡೆ ಎಡವಟ್ಟಾಗಿತ್ತು. ಕರ್ನಲ್ ಆರಕ್ ತನ್ನ ಕಾವಲು ತುಕಡಿಗಳನ್ನು ಅಸಾಯೆ ಹಳ್ಳಿಯಿಂದ ದೂರ ಇಡುವ ಬದಲು ನೇರ ಅದರ ಮೇಲೇ ನಡೆಸಿಕೊಂಡು ಹೋದ; ಹಿಂದಿದ್ದ 74ನೇ ಹೈಲ್ಯಾಂಡರ್ಸ್ ಅವನನ್ನೇ ಹಿಂಬಾಲಿಸಿತು. ಮಣ್ಣು ಗೋಡೆಗಳ ಹಿಂದಿನಿಂದ ಬಂದೂಕು, ಪಕ್ಕದಿಂದ ಫಿರಂಗಿ, ಮೇಲೆ ಮರಾಠಾ ಸವಾರರು. ಅವರು ಹೆಣಗಳನ್ನೇ ಒಡ್ಡು ಮಾಡಿಕೊಂಡು ಚೌಕ ಕಟ್ಟಿ ನಿಂತರು. ಸುಮಾರು 500 ಜನರಲ್ಲಿ ಗಾಯವಿಲ್ಲದೆ ಉಳಿದವರು ನೂರರ ಲೆಕ್ಕದಲ್ಲಿ. ಕರ್ನಲ್ ಮ್ಯಾಕ್ಸ್‌ವೆಲ್ 19ನೇ ಡ್ರಾಗೂನ್ಸ್ ಮತ್ತು ಮದ್ರಾಸ್ ಅಶ್ವದಳಗಳೊಂದಿಗೆ ಸಮಯಕ್ಕೆ ನುಗ್ಗಿರದಿದ್ದರೆ ಅವರೂ ಉಳಿಯುತ್ತಿರಲಿಲ್ಲ. ಸಂಜೆ ಮತ್ತೊಂದು ದಾಳಿಯಲ್ಲಿ ಮ್ಯಾಕ್ಸ್‌ವೆಲ್ ಸತ್ತ. ಆರಕ್‌ನ ತಪ್ಪಿಗೆ ವೆಲ್ಲೆಸ್ಲಿ ಅವನನ್ನು ಹರಿದು ತಿನ್ನಲಿಲ್ಲ. ತಪ್ಪಾಯಿತು, ಆದರೆ ಅಷ್ಟು ಬೆಂಕಿಯೊಳಗೆ ಜನರನ್ನು ಕರೆದೊಯ್ಯುವುದು ಯಾರಿಗೂ ಸುಲಭವಲ್ಲ ಎಂಬರ್ಥದಲ್ಲಿ ಬರೆದ. ನನಗೆ ಅವನ ಬಗ್ಗೆ ಗೌರವ ಹುಟ್ಟಿದ ಅಪರೂಪದ ಜಾಗಗಳಲ್ಲಿ ಇದೊಂದು.

ಆರು ಗಂಟೆಯ ಹೊತ್ತಿಗೆ ಮರಾಠಾ ಪದಾತಿದಳ ಜುಯಿ ದಾಟಿ ಉತ್ತರಕ್ಕೆ ಹೋಗಿತ್ತು. ಬೆನ್ನಟ್ಟಲು ಇವರಲ್ಲಿ ಕಸುವಿರಲಿಲ್ಲ.

ಐದು ಸಾವಿರ ಜನ ಐವತ್ತು ಸಾವಿರವನ್ನು ಸೋಲಿಸಿದರು ಎಂದು ಬರೆದರೆ ಕೇಳಲು ಚೆಂದ. ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. ಆ ಐವತ್ತು ಸಾವಿರದಲ್ಲಿ ಮೂವತ್ತು ನಲವತ್ತು ಸಾವಿರ ಹಗುರ ಕುದುರೆ. ಲೂಟಿಗೂ ಬೆನ್ನಟ್ಟಲಿಕ್ಕೂ ಸರಿ, ಬಯೊನೆಟ್ ಸಾಲಿಗೆ ಎದೆ ಕೊಡಲು ಅಲ್ಲ. ಭೋಂಸಲೆಯ ಕಾಲಾಳುಗಳು ಅಸಾಯೆ ಹಳ್ಳಿಯ ಸುತ್ತ ನಿಂತೇ ಇದ್ದರು. ನಿಜವಾಗಿ ಕಾದಾಡಿದವರು ಪೋಲ್ಮನ್‌ನ ಮತ್ತು ಬೇಗಂ ಸಮ್ರು ಕಳಿಸಿದ ತರಬೇತಾದ ದಳಗಳು, 11,000ಕ್ಕೆ ಹತ್ತಿರ. ಒಬ್ಬನಿಗೆ ಇಬ್ಬರು, ಒಂದು ಫಿರಂಗಿಗೆ ಐದು. ಅಷ್ಟೂ ಸಾಕು ದೊಡ್ಡದೆನ್ನಲು, ಹತ್ತು ಪಟ್ಟು ಮಾಡುವ ಅಗತ್ಯವಿಲ್ಲ. ಇನ್ನು ಸಿಂಧಿಯಾ, ಭೋಂಸಲೆ ಇಬ್ಬರೂ ಯುದ್ಧ ಬಿಸಿಯಾಗುವ ಹೊತ್ತಿಗೆ ರಣರಂಗ ಬಿಟ್ಟಿದ್ದರು. ಇಂಗ್ಲಿಷ್ ಅಧಿಕಾರಿಗಳು ಸಿಂಧಿಯಾನ ನೌಕರಿ ಬಿಟ್ಟು ಬಂದರೆ ಜೀವನಾಂಶ ಕೊಡುವುದಾಗಿ ಕಂಪನಿ ಸಾರಿದ್ದರಿಂದ ಹಲವರು ಮೊದಲೇ ಬಿಟ್ಟು ಹೋಗಿದ್ದರು. ಅಷ್ಟೂ ಸವಾರರಿಗೆ ಈಗ ನುಗ್ಗಿ ಎಂದು ಹೇಳುವವರು ಆ ಮಧ್ಯಾಹ್ನ ಯಾರೂ ಇರಲಿಲ್ಲ. ವೆಲ್ಲೆಸ್ಲಿಯ ಅರ್ಧ ಗೆಲುವು ಇದರಲ್ಲಿದೆ ಎಂದು ನನ್ನ ಎಣಿಕೆ. ಅವನ ಶೌರ್ಯವನ್ನು ಹಾಡುವವರು ಇದನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ.

ಬೆಲೆ ದೊಡ್ಡದು. ವೆಲ್ಲೆಸ್ಲಿಯ ಕಡೆ 428 ಜನ ಸತ್ತರು, 1,138 ಗಾಯಗೊಂಡರು, 18 ಜನ ಸಿಗಲೇ ಇಲ್ಲ. ಸಾಲಿನಲ್ಲಿ ನಿಂತ ಮೂವರಲ್ಲಿ ಒಬ್ಬ. ಮರಾಠರ ಕಡೆ ಮೈದಾನದಲ್ಲೇ ಸುಮಾರು 1,200 ಹೆಣ. ಸ್ಟೀವನ್‌ಸನ್ ಮರುದಿನ ಸಂಜೆ ಬಂದ. ಅವನ ಜೊತೆಗಿದ್ದ ವೈದ್ಯರಿಗೆ ಕೈತುಂಬ ಕೆಲಸ ಸಿಕ್ಕಿತು. ಹತ್ತಿರದ ದೌಲತಾಬಾದ್ ಕೋಟೆಯ ಕಿಲ್ಲೇದಾರ ಗಾಯಾಳುಗಳನ್ನು ಒಳಗೆ ಬಿಡಲಿಲ್ಲ. ಕೊನೆಗೆ ಆಸ್ಪತ್ರೆ ಮಾಡಿದ್ದು ಅಜಂತಾದಲ್ಲಿ. ಆ ಊರಿನ ಹತ್ತಿರದ ಗುಹೆಗಳನ್ನು ಒಬ್ಬ ಇಂಗ್ಲಿಷ್ ಅಧಿಕಾರಿ ಕಂಡು ಜಗತ್ತಿಗೆ ಹೇಳಿದ್ದು ಇನ್ನೂ ಹದಿನಾರು ವರ್ಷದ ಮೇಲೆ, 1819ರಲ್ಲಿ.

ಗೆಲುವಿನ ಸುದ್ದಿ ಕೇಳಿ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಆಗ ಬಳ್ಳಾರಿ ಸೀಮೆಯನ್ನು ನೋಡಿಕೊಳ್ಳುತ್ತಿದ್ದ, ಅದಕ್ಕೆ ಮೊದಲು ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ವೆಲ್ಲೆಸ್ಲಿಗೆ ನೇರವಾಗಿ ಬರೆದ: ಒಂದು ದಿನ ಕಾದು ಸ್ಟೀವನ್‌ಸನ್ ಜೊತೆ ಸೇರಿ ಹೊಡೆದಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ. ವೆಲ್ಲೆಸ್ಲಿ ಉದ್ದನೆಯ ಉತ್ತರ ಬರೆದು ಸಮರ್ಥಿಸಿಕೊಂಡ: ತಪ್ಪು ಸುದ್ದಿ ಬಂದಿತ್ತು, ಎದುರು ಬಿದ್ದ ಮೇಲೆ ಹಿಂದಕ್ಕೆ ಸರಿಯುವುದು ಇನ್ನೂ ಅಪಾಯವಾಗಿತ್ತು. ಅಪಾಯ ನಿಜ. ಆದರೂ ಮನ್ರೋನ ಪ್ರಶ್ನೆ ಸವೆದಿಲ್ಲವೆಂದೇ ನನಗೆ ಅನಿಸುತ್ತದೆ. ಇಷ್ಟು ಲಾಭ ಬಂದರೂ ಇಂಥ ನಷ್ಟವನ್ನು ಮತ್ತೆ ನೋಡಲು ಇಷ್ಟವಿಲ್ಲ ಎಂದು ವೆಲ್ಲೆಸ್ಲಿಯೂ ಬೇರೊಂದು ಕಾಗದದಲ್ಲಿ ಬರೆದ.

ಬೆಂಗಳೂರಿನವರಿಗೆ ಈ ಹೆಸರು ಪರಿಚಯ. ಹಲಸೂರು ಕೆರೆಯ ಕಡೆ ಅಸಾಯೆ ರೋಡ್ ಇದೆ. ಅಲ್ಲಿ ವಾಸಿಸುವವರಲ್ಲಿ ಎಷ್ಟು ಜನಕ್ಕೆ ಕಾರಣ ಗೊತ್ತೋ. ಮದ್ರಾಸ್ ರೆಜಿಮೆಂಟಿನ ಟೋಪಿಯ ಮೇಲಿನ ಆನೆ ಅಸಾಯೆಯಲ್ಲಿ ಹೊಡೆದಾಡಿದ್ದಕ್ಕೆ ಸಿಕ್ಕ ಗುರುತು. ಸ್ವತಂತ್ರ ಭಾರತದ ಸೈನ್ಯ ಭಾರತೀಯರ ವಿರುದ್ಧ ಗಳಿಸಿದ ಹಳೆಯ ಯುದ್ಧ ಗೌರವಗಳನ್ನು, ಅಸಾಯೆ ಮತ್ತು ಶ್ರೀರಂಗಪಟ್ಟಣ ಎರಡನ್ನೂ ಸೇರಿಸಿ, ಬಾವುಟದ ಮೇಲಿಂದ ತೆಗೆಯಿತು. ಆನೆ ಉಳಿಯಿತು. ತೆಗೆದದ್ದೂ ಸರಿ, ಉಳಿಸಿದ್ದೂ ಸರಿ ಎನ್ನುವೆ. ಅಸಾಯೆಯಲ್ಲಿ ಎರಡೂ ಕಡೆ ಸತ್ತವರಲ್ಲಿ ಹೆಚ್ಚಿನವರು ಈ ನೆಲದವರೇ, ಅವರಿಗೆ ಬೇರೆ ಯಾರೂ ಕಲ್ಲು ನೆಟ್ಟಿಲ್ಲ.

ಅಮೃತ ಮಹಲ್ ದನಗಳು ಆಮೇಲೆ ಕೆಟ್ಟವು. ತಳಿ ನೋಡುವವರಿಲ್ಲದೆ ಇಳಿದು ಹೋದದ್ದರಿಂದ 1813ರಲ್ಲಿ ಮದ್ರಾಸ್ ಸೈನ್ಯದ ಕ್ಯಾಪ್ಟನ್ ಹಾರ್ವೆ ಎಂಬವನ ಕೈಗೆ ಇಲಾಖೆಯನ್ನು ಕೊಟ್ಟರು. ಆ ವೇಳೆಗೆ ವೆಲ್ಲೆಸ್ಲಿ ಸ್ಪೇನಿನಲ್ಲಿ ನೆಪೋಲಿಯನ್ನನ ಸೇನಾಪತಿಗಳ ಜೊತೆ ಸೆಣಸುತ್ತಿದ್ದ. ಅಲ್ಲಿನ ನಿಧಾನದ ಎತ್ತಿನ ಗಾಡಿಗಳನ್ನು ಕಂಡು ಮೈಸೂರಿನವು ಇದ್ದಿದ್ದರೆ ಎಂದು ಹಲುಬಿದನಂತೆ.

ಮತ್ತೆ 1803ಕ್ಕೆ ಮರಳಿದರೆ, ಆ ಯುದ್ಧ ಅಸಾಯೆಯಲ್ಲಿ ಮುಗಿಯಲಿಲ್ಲ. ನವೆಂಬರ್ 29ರಂದು ಅರಗಾಂವ್‌ನಲ್ಲಿ ಮತ್ತೆ ಕೈ ಕೂಡಿದಾಗ ಸ್ಟೀವನ್‌ಸನ್ ಜೊತೆಗಿದ್ದ. ಅಸಾಯೆಯಲ್ಲಿ ಅಲುಗದೆ ನಿಂತಿದ್ದ ಮದ್ರಾಸಿನ ಮೂರು ಬೆಟಾಲಿಯನ್‌ಗಳು ಅಲ್ಲಿ ಮೊದಲ ಗುಂಡಿಗೇ ಬೆದರಿ ಓಡಿದವು, ವೆಲ್ಲೆಸ್ಲಿ ತಾನೇ ಹೋಗಿ ತಿರುಗಿಸಿ ತಂದ. ನಷ್ಟ ಸುಮಾರು 360, ಅಸಾಯೆಯ ಕಾಲು ಭಾಗ. ಉಳಿದದ್ದು ಗಾವಿಲ್‌ಗಡದ ಕೋಟೆ. ಅದರ ಉತ್ತರದ ಗೋಡೆ ಒಡೆಯಲು ಭಾರಿ ಫಿರಂಗಿಗಳನ್ನು ಬೆಟ್ಟದ ಮೇಲೆ ಹತ್ತಿಸಬೇಕಿತ್ತು. ಸ್ಟೀವನ್‌ಸನ್‌ನ ಜನ ಗುಡ್ಡ ಕಡಿದು ಮೂವತ್ತು ಮೈಲಿಗೆ ಹತ್ತಿರದ ದಾರಿ ಮಾಡಿದರು. ಎತ್ತು ಹತ್ತಲಾರದ ಆ ಏರಿನಲ್ಲಿ ಹಗ್ಗ ಹಿಡಿದು ಫಿರಂಗಿ ಎಳೆದವರು ಸಿಪಾಯಿಗಳು. ಡಿಸೆಂಬರ್ 15ಕ್ಕೆ ಕೋಟೆ ಬಿತ್ತು, 17ರಂದು ಭೋಂಸಲೆ ಸಂಧಿಗೆ ಸಹಿ ಹಾಕಿದ, 30ರಂದು ಸಿಂಧಿಯಾ.